ಅಣ್ಣನ ಪುಡಿ

"ಅಗೋ, ಅಲ್ಲಿ ನೋಡ್ರಿ ನಿಮ್ಮ ಯಜಮಾನ್ರನ್ನ," ಎಂದು ಡಾಕ್ಟರ್ ಮೆಹಜಬೀನ್ ನದಾಫ ಪರದೆಯ ಮೇಲೆ ಬೆರಳಿಟ್ಟರು.

ಗೋಡೆಯ ಅರ್ಧದಷ್ಟು ಅಗಲದ ಪರದೆ. ಅದರ ಮೇಲೆ ಹಸಿರು ಚುಕ್ಕಿಗಳು, ಕೆಂಪು ಚುಕ್ಕಿಗಳು ಮೆಲ್ಲಗೆ ಸರಿದಾಡುತ್ತಿದ್ದವು. ಹಸಿರು ಬಣ್ಣ ಹಚ್ಚಿದ್ದು ನನ್ನ ಗಂಡನ ಜೀವಕೋಶಗಳಿಗೆ, ಕೆಂಪು ಬಣ್ಣ ನನ್ನ ನಾದಿನಿಯ ರಕ್ತದಲ್ಲಿ ಮೈ ಕಾಯುವ ಕೋಶಗಳಿಗೆ. ಎರಡನ್ನೂ ಒಂದೇ ಗಾಜಿನ ತಟ್ಟೆಯಲ್ಲಿ ಬಿಟ್ಟು, ಜಗಳ ಆಡುತ್ತವೋ ಹೊಂದಿಕೊಂಡು ಹೋಗುತ್ತವೋ ಎಂದು ನೋಡುವುದು. ಪ್ರಯೋಗಾಲಯದವರು ಅದನ್ನು ಭೇಟಿ ತಟ್ಟೆ ಎಂದು ಕರೆಯುತ್ತಿದ್ದರು.

ಗಂಡ ಮಾರುತಿ ನನ್ನ ಪಕ್ಕದಲ್ಲೇ ನಿಂತಿದ್ದ. "ಏ ಸುವರ್ಣಾ, ನೋಡಿಲ್ಲೆ, ಇಷ್ಟ ಸಣ್ಣಾಂವ ಅದೀನಿ ನಾ. ನೀ ನೋಡಿದ್ರ ದಿನಾ ನನ್ನ ಮ್ಯಾಲ ಒದರಾಡ್ತಿ."

"ಸಣ್ಣಾಂವ ಆದ್ರೇನಾತು, ಹೊಟ್ಟಿ ದೊಡ್ಡದೈತಲ್ಲ," ಎಂದೆ.

ಗಾಲಿಕುರ್ಚಿಯಲ್ಲಿ ಕೂತಿದ್ದ ನಾದಿನಿ ಹುಲಿಗೆವ್ವ ಕಿಸಕ್ಕನೆ ನಕ್ಕಳು. ನಕ್ಕರೆ ಹೊಲಿಗೆ ಎಳೆಯುತ್ತದೆ, ಆದರೂ ನಕ್ಕಳು. ಮಾರುತಿಯ ಎಡ ಮೂತ್ರಪಿಂಡ ಆಗ ಅವಳ ಹೊಟ್ಟೆಯಲ್ಲಿತ್ತು.

ನಾನು ಬಾಯಿ ಜೋರಿನವಳು, ಸುಳ್ಳು ಯಾಕೆ ಹೇಳಲಿ. ಹುಬ್ಬಳ್ಳಿಯ ನಾಲ್ಕಾರು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳಿಗೆ ಕೈ, ಬಾಯಿ ಎರಡೂ ಜೋರಿರಬೇಕಾಗುತ್ತದೆ. ಮಾರುತಿ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ನವಲಗುಂದಕ್ಕೆ ಕೊಟ್ಟ ಅವನ ತಂಗಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಾಗ, ಒಂದು ಮಾತೂ ಕೇಳದೆ "ನನ್ನದು ತಗೋರಿ" ಎಂದು ಬಂದುಬಿಟ್ಟ. ನಾನು ಮೂರು ದಿನ ಅವನೊಡನೆ ಮಾತು ಬಿಟ್ಟೆ. ಊದುವವನು ಒಂದೇ ಮೂತ್ರಪಿಂಡದಲ್ಲಿ ಹೇಗೆ ಊದುತ್ತಾನೆ? "ಕ್ಲಾರಿನೆಟ್ಟ ಬಾಯಿಲೆ ಊದ್ತಾರ, ಸುವರ್ಣಾ," ಎಂದ. ಅಷ್ಟೇ ಅವನ ಉತ್ತರ.

ಕಾರವಾರ ರಸ್ತೆಯ ಆ ಆಸ್ಪತ್ರೆಯಲ್ಲಿ ಆಗ ಹೊಸ ಚಿಕಿತ್ಸೆಯೊಂದರ ಪ್ರಯೋಗ ನಡೆದಿತ್ತು. ಹಳೆಯ ಪದ್ಧತಿಯಲ್ಲಿ, ಇನ್ನೊಬ್ಬರ ಅಂಗ ಹಾಕಿಸಿಕೊಂಡವರು ಸಾಯುವ ತನಕ ಮೈಯ ಕಾವಲನ್ನು ಹತ್ತಿಕ್ಕುವ ಗುಳಿಗೆ ನುಂಗಬೇಕಿತ್ತು. ಕಾವಲು ಮಲಗಿದರೆ ಮನೆಗೆ ಕಳ್ಳರು ನುಗ್ಗದೆ ಬಿಡುತ್ತಾರೆಯೇ? ಇವತ್ತು ಜ್ವರ, ನಾಳೆ ಕೆಮ್ಮು, ಕೆಲವರಿಗೆ ಕೊನೆಗೆ ಕ್ಯಾನ್ಸರ್. ಮೆಹಜಬೀನ್ ಡಾಕ್ಟರು ಇದಕ್ಕೆ ಬೇರೆ ದಾರಿ ಹುಡುಕಿದ್ದರು. ನನಗೆ ತಿಳಿಯುವ ಹಾಗೆ ಒಮ್ಮೆ ಹೇಳಿದರು:

"ಸುವರ್ಣಾಬಾಯಿ, ನೀವು ದಿನಾ ರೊಟ್ಟಿ ತಿಂತೀರಿ. ಜ್ವಾಳ ಏನ್ ನಿಮ್ಮ ಮೈಯಂದೇನು? ಅಲ್ಲ. ಪರಕೀಯ. ಆದ್ರೂ ಮೈ ಅದರ ಮ್ಯಾಲ ಜಗಳಕ್ಕ ಹೋಗೂದಿಲ್ಲ. ಯಾಕಂದ್ರ ಕರುಳಿನಾಗ ಒಂದ ಸಾಲಿ ಐತಿ. ಬಾಯಿಲೆ ಬಂದದ್ದು ನಮ್ಮಂದು ಅಂತ ಅಲ್ಲಿ ಕಾವಲುಗಾರರಿಗೆ ಕಲಸ್ತಾರ. ನಾವು ನಿಮ್ಮ ಯಜಮಾನ್ರ ಮಜ್ಜೆಯಿಂದ ಒಂದಿಷ್ಟ ಜೀವಕೋಶ ತಗೊಂಡು ಪೆಟ್ಟಿಗಿಯೊಳಗ ಬೆಳಸ್ತೀವಿ. ಅವನ್ನ ಒಣಗಿಸಿ ಪುಡಿ ಮಾಡಿ, ಹೊಟ್ಟಿಯೊಳಗಿನ ಹುಳಿಗೆ ಕರಗದಂಗ ಲೇಪ ಕೊಡ್ತೀವಿ. ಹುಲಿಗೆವ್ವ ದಿನಾ ಮುಂಜಾನೆ ಮೊದಲನೇ ತುತ್ತಿನ ಜೋಡಿ ಅದನ್ನ ತಿನಬೇಕು. ಹಳೇ ಗುಳಿಗಿ ಮೊದಲನೇ ವರ್ಷದಾಗ ಒಂದೊಂದ ನಿಲ್ಲಸ್ತೀವಿ, ಪುಡಿ ಮಾತ್ರ ಮೂರು ವರ್ಷ. ಆಮ್ಯಾಲ ಅಕೀ ಮೈ ಅಣ್ಣನ್ನ ತನ್ನಾಂವ ಅಂತ ತಿಳ್ಕೊಂತೈತಿ. ಗುಳಿಗೀನೂ ಬ್ಯಾಡ, ಪುಡೀನೂ ಬ್ಯಾಡ."

"ಅಂದ್ರ ಇಕಿ ನನ್ನ ಗಂಡನ್ನ ತಿಂತಾಳ," ಎಂದೆ.

"ಸಣ್ಣಕಿದ್ದಾಗಿಂದ ನನ್ನ ತಲಿ ತಿಂತಾ ಬಂದಾಳ," ಎಂದ ಮಾರುತಿ. "ಈಗ ಪೂರ್ತಿ ತಿನ್ನಲಿ ಬಿಡು."

ಆ ಪುಡಿಗೆ ಆಸ್ಪತ್ರೆಯವರು ಏನೋ ಉದ್ದನೆಯ ಹೆಸರಿಟ್ಟಿದ್ದರು. ನಮ್ಮ ಮನೆಯಲ್ಲಿ ಅದು ಅಣ್ಣನ ಪುಡಿಯಾಯಿತು.

ತಪಾಸಣೆಯ ದಿನ ಆಸ್ಪತ್ರೆಯ ಪಡಸಾಲೆ ಮದುವೆಮನೆಯಂತೆ ಗಿಜಿಗುಡುತ್ತಿತ್ತು. ಕೊಟ್ಟವರು, ಇಸಿದುಕೊಂಡವರು ಜೋಡಿಜೋಡಿಯಾಗಿ ಬರುತ್ತಿದ್ದರು. ಬಾಗಲಕೋಟೆಯ ಮಾಸ್ತರರೊಬ್ಬರಿಗೆ ಹೆಂಡತಿಯ ಮೂತ್ರಪಿಂಡ. "ಇಕೀ ಪುಡಿ ನಾ ತಿನ್ನಾಕ ಹತ್ತಿದಾಗಿಂದ ನನಗೂ ಧಾರಾವಾಹಿ ನೋಡೂ ಚಟ ಹತ್ತೇತ್ರಿ," ಎಂದು ಅವರು ದೂರುತ್ತಿದ್ದರು. ಹೆಂಡತಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಮೆಹಜಬೀನ್ ಡಾಕ್ಟರು ಗಂಭೀರವಾಗಿ, ಪುಡಿಯಲ್ಲಿ ಚಟ ಗಿಟ ಏನೂ ಹೋಗುವುದಿಲ್ಲ ಎಂದು ತಿಳಿಸಿ ಹೇಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ಅತ್ತೆಯ ಮೂತ್ರಪಿಂಡ ಪಡೆದ ಸೊಸೆಗೆ ಅತ್ತೆಯಂಥದೇ ಸಿಟ್ಟು ಬಂದಿದೆ ಎಂದು ಒಂದು ಮನೆಯಲ್ಲಿ ಜಗಳವೇ ಆಯಿತಂತೆ.

ವರ್ಷ ತುಂಬುವಷ್ಟರಲ್ಲಿ ಹುಲಿಗೆವ್ವನ ಗುಳಿಗೆಗಳೆಲ್ಲ ಒಂದೊಂದಾಗಿ ನಿಂತವು. ಬಾತಿದ್ದ ಮುಖ ಇಳಿಯಿತು. ನಡುಗುತ್ತಿದ್ದ ಕೈ ನೆಟ್ಟಗಾಗಿ, ಹಿಟ್ಟು ನಾದತೊಡಗಿದಳು. ಭೇಟಿ ತಟ್ಟೆಯಲ್ಲಿ ಕೆಂಪು ಚುಕ್ಕಿಗಳು ಹಸಿರಿನ ಪಕ್ಕದಿಂದಲೇ ಸುಮ್ಮನೆ ಹಾದುಹೋಗುತ್ತಿದ್ದವು.

ಆ ಶ್ರಾವಣದಲ್ಲಿ ನಾಗರ ಪಂಚಮಿಗೆ ಮಾರುತಿ ಎಂದಿನ ಹಾಗೆ ಮೋಟಾರು ಸೈಕಲ್ ಹತ್ತಿ ನವಲಗುಂದಕ್ಕೆ ಹೋಗಿ ತಂಗಿಯನ್ನು ಕರೆತಂದ. ಮದುವೆಯಾದಾಗಿನಿಂದ ಒಂದು ವರ್ಷವೂ ಅವನು ಇದನ್ನು ತಪ್ಪಿಸಿದವನಲ್ಲ. ನಮ್ಮತ್ತೆ ದಾವಣಗೆರೆ ಕಡೆಯವರು, ಅವರ ತವರಿನ ಪದ್ಧತಿಯೊಂದು ನಮ್ಮ ಮನೆಯಲ್ಲಿ ಉಳಿದಿತ್ತು. ಚೌತಿಯ ದಿನ ತಂಗಿ ಅಣ್ಣನಿಗಾಗಿ ಉಪವಾಸ ಇರುತ್ತಾಳೆ. ಮರುದಿನ ಅವನನ್ನು ಮಣೆಯ ಮೇಲೆ ಕೂರಿಸಿ ಬೆನ್ನಿಗೂ ಹೊಟ್ಟೆಗೂ ಹಾಲು ಸವರುತ್ತಾಳೆ. ಹುಲಿಗೆವ್ವ ಡಾಕ್ಟರರನ್ನು ಕೇಳಿ, ಪುಡಿಯೊಂದಿಗೆ ಒಂದು ಬಾಳೆಹಣ್ಣು ತಿಂದು ಉಪವಾಸ ಮಾಡಿದ್ದಳು. ಮಾರುತಿ ಅಂಗಿ ಬಿಚ್ಚಿ ಕೂತ. ಪಕ್ಕೆಯಲ್ಲಿ ಗಾಯದ ಗೆರೆ ಇನ್ನೂ ಕೆಂಪಗಿತ್ತು. ಅವಳು ಆ ಗೆರೆಯ ಉದ್ದಕ್ಕೂ ಹಾಲು ಸವರಿದಳು.

"ಬೆನ್ನು ತಣ್ಣಗಿರಲಿ, ಹೊಟ್ಟಿ ತಣ್ಣಗಿರಲಿ, ಅಣ್ಣಾ," ಎಂದಳು.

"ಹಾಲೆಲ್ಲಾ ನೆಲದ ಮ್ಯಾಲ ಚೆಲ್ಲಾಕತ್ತೀರಿ, ಒರಸಾಕಿ ನಾನು," ಎಂದು ನಾನು ಗೊಣಗಿದೆ. ಅವರಿಬ್ಬರೂ ನನ್ನ ಕಡೆ ನೋಡಿ ಒಟ್ಟಿಗೇ ನಕ್ಕರು. ಅಣ್ಣತಂಗಿಯ ನಗು ಒಂದೇ ಥರ, ಮೂಗು ಅರಳಿಸಿಕೊಂಡು.

ಮುಂದಿನ ವೈಶಾಖದಲ್ಲಿ, ಕುಂದಗೋಳದ ಮದುವೆಯೊಂದರಲ್ಲಿ ಊದಿ ತಿರುಗಿ ಬರುವಾಗ ಬ್ಯಾಂಡಿನವರ ಟೆಂಪೊ ಉರುಳಿತು. ಉಳಿದವರಿಗೆ ಕೈಕಾಲು ಮುರಿದವು. ಮಾರುತಿ ಅಲ್ಲೇ ಹೋದ. ಕ್ಲಾರಿನೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ತಂದು ನನ್ನ ಕೈಗೆ ಕೊಟ್ಟರು. ಅದರ ಬಾಯಿ ಇನ್ನೂ ಒದ್ದೆಯಿತ್ತು ಎಂದು ನನಗೆ ಅನ್ನಿಸಿತು. ಇರಲಿಕ್ಕಿಲ್ಲ.

ನಮಗೆ ಮಕ್ಕಳಿರಲಿಲ್ಲ.

ಮುಂದಿನ ತಪಾಸಣೆಗೆ ನಾನೂ ಹುಲಿಗೆವ್ವನ ಜೊತೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಕಾಲು ಹೋದವು. ನನ್ನನ್ನು ಕಂಡು ಮೆಹಜಬೀನ್ ಡಾಕ್ಟರು ಪರದೆ ಆರಿಸಲು ಕೈ ಚಾಚಿದರು.

"ಇರ್ಲಿ ಬಿಡ್ರಿ," ಎಂದೆ. "ನೋಡ್ತೀನಿ."

ಹಸಿರು ಚುಕ್ಕಿಗಳು ಓಡಾಡುತ್ತಿದ್ದವು. ಕೈಯಾರೆ ಮಣ್ಣು ಹಾಕಿ ಬಂದಿದ್ದೆ. ಇಲ್ಲಿ ನೋಡಿದರೆ ಅವನು ಆರಾಮಾಗಿ ಅಡ್ಡಾಡುತ್ತಿದ್ದಾನೆ!

"ಇವು ಜೀವಂತ ಅದಾವೇನ್ರಿ?"

"ಹೌದು. ಮೊದಲ ತಗೊಂಡಿದ್ದೆವಲ್ಲ, ಅವ ಬೆಳಕೋತ ಬಂದಾವು. ಮೈಯಷ್ಟ ಬೆಚ್ಚಗಿನ ಪೆಟ್ಟಿಗಿಯೊಳಗ ಇಟ್ಟೀವಿ, ದಿನಾ ಊಟ ಹಾಕ್ತೀವಿ. ಚಿಕಿತ್ಸಾ ಮುಗಿಯೂತನಾ ಸಾಲೂವಷ್ಟ ಪುಡಿ ಆಗಲೇ ತಯಾರೈತಿ, ಅದರ ಚಿಂತಿ ಇಲ್ಲ." ಅವರು ಸ್ವಲ್ಪ ತಡೆದು, "ಸುವರ್ಣಾಬಾಯಿ, ಅದು ಅವರಲ್ಲ, ಅವರ ಕೋಶ ಅಷ್ಟ," ಎಂದರು.

"ಗೊತ್ತೈತ್ರಿ," ಎಂದೆ. ಗೊತ್ತಿತ್ತು ನಿಜ. ಆದರೂ ಪ್ರತಿ ತಿಂಗಳೂ ತೊಳೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಹೋಗುತ್ತಿದ್ದೆ.

ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವುದಕ್ಕೆ ಕೂರುವ ಮೊದಲು ನವಲಗುಂದಕ್ಕೆ ಫೋನು ಹಚ್ಚುವುದು ನನ್ನ ರೂಢಿಯಾಯಿತು.

"ಹುಲಿಗೆವ್ವಾ, ನನ್ನ ಗಂಡ ಹ್ಯಾಂಗದಾನ?"

"ಆರಾಮದಾನ ವೈನಿ." ಅಂದರೆ ಜ್ವರವಿಲ್ಲ, ಮೂತ್ರ ಸರಿಯಾಗಿ ಹೋಗಿದೆ ಎಂದು ಅರ್ಥ.

"ಪುಡಿ ತಿಂದಿ?"

"ಹೂಂ."

ಆ ಒಂದು ಹೂಂ ಕೇಳಿದ ಮೇಲೆಯೇ ನನ್ನ ಕೈಗೆ ಬಲ ಬರುತ್ತಿತ್ತು. ಹುಚ್ಚಿ ಅನ್ನಿ ಬೇಕಾದರೆ. ಇಡೀ ಭೂಮಿಯ ಮೇಲೆ ನನ್ನ ಗಂಡ ದುಡಿಯುತ್ತಿದ್ದ ಜಾಗ ಅದೊಂದೇ. ಅದು ನಿಲ್ಲಬಾರದು, ನನಗೆ ಬೇರೇನೂ ಬೇಕಿರಲಿಲ್ಲ.

ಪಂಚಮಿ ಬಂತು. ಕರೆಯಲು ಹೋಗುವವನಿಲ್ಲ. ನಾನು ಉಂಡಿ ಕಟ್ಟಲಿಲ್ಲ, ಹಬ್ಬವನ್ನೇ ಮರೆತುಬಿಡೋಣ ಎಂದು ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೆ. ಹೊತ್ತು ಏರುವಷ್ಟರಲ್ಲಿ ಹುಲಿಗೆವ್ವ ಒಬ್ಬಳೇ ಬಸ್ಸಿನಲ್ಲಿ ಬಂದಳು. ಕೈಯಲ್ಲಿ ಹಾಲಿನ ತಂಬಿಗೆ. ಮುಖ ಬಾಡಿತ್ತು. ಹಿಂದಿನ ದಿನ ಉಪವಾಸ ಇದ್ದಳಂತೆ.

"ಯಾರಿಗಂತ ಉಪಾಸ ಮಾಡಿದೆ?" ಎಂದೆ.

"ಅಣ್ಣಗ."

"ಪುಡಿ?"

"ಹೂಂ," ಎಂದು ಅವಳು ಮಣೆ ಹುಡುಕಲು ಒಳಗೆ ಹೋದಳು.

ಮಣೆ ಹಾಕಿ ತಾನೇ ಅದರ ಮೇಲೆ ಕೂತಳು. ಸೆರಗು ಸರಿಸಿದಳು. ಬದಲಿ ಮೂತ್ರಪಿಂಡವನ್ನು ಬೆನ್ನಿಗಲ್ಲ, ಕಿಬ್ಬೊಟ್ಟೆಯ ಬಲಕ್ಕೆ, ಮುಂದೆ ಕೂರಿಸುತ್ತಾರೆ. ಅಲ್ಲಿ ಅವಳಿಗೆ ಅಂಗೈ ಅಗಲದ ಉಬ್ಬು ಇತ್ತು. ಬೆರಳನ್ನು ಹಾಲಿನಲ್ಲಿ ಅದ್ದಿ ಆ ಉಬ್ಬಿನ ಮೇಲೆ ಸವರಿಕೊಂಡಳು. "ಹೊಟ್ಟಿ ತಣ್ಣಗಿರಲಿ ಅಣ್ಣಾ," ಎಂದಳು. ಬೆನ್ನಿನ ಮಾತು ಆಡಲಿಲ್ಲ.

"ವೈನಿ, ಇಲ್ಲೆ ಕೈ ಇಡ್ರಿ."

ಇಟ್ಟೆ. ಹಾಲಿನ ತಂಪಿನ ಕೆಳಗೆ ಬೆಚ್ಚಗಿತ್ತು. ಮಣ್ಣು ಮಾಡಿದ ದಿನ ಅಳದಿದ್ದವಳು ಅವತ್ತು ನಾದಿನಿಯ ಹೊಟ್ಟೆಯ ಮೇಲೆ ಹಣೆ ಇಟ್ಟು ಅತ್ತೆ. ಅವಳು ನನ್ನ ತಲೆ ಸವರುತ್ತ, "ಆರಾಮದಾನ ವೈನಿ, ಆರಾಮದಾನ," ಎನ್ನುತ್ತಿದ್ದಳು.

ಅದರ ಮುಂದಿನ ತಪಾಸಣೆಯಲ್ಲಿ ಕೆಂಪು ಚುಕ್ಕಿಗಳು ಹಸಿರಿನ ಸುತ್ತ ನೆರೆದವು.

ಮೊದಲು ಒಂದು, ಆಮೇಲೆ ಹತ್ತು. ಸುತ್ತುಗಟ್ಟಿ ಒತ್ತಿದವು. ನಡುವಿನ ಹಸಿರು ನಡುಗಿ, ಒಡೆದು, ಆರಿಹೋಯಿತು. ಅಲ್ಲಿಂದ ಅವು ಪಕ್ಕದ ಹಸಿರಿನ ಕಡೆ ಸರಿದವು. ನಾನು ಎದ್ದು ನಿಂತೆ. "ಬಿಡಸ್ರಿ ಡಾಕ್ಟರ್ ಬಾಯಾರ! ಯಾರರೆ ಬಿಡಸ್ರಿ!" ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ, ಆಮೇಲೆ ನರ್ಸು ಹೇಳಿದಳು.

ಹುಲಿಗೆವ್ವನನ್ನು ಅಂದೇ ಭರ್ತಿ ಮಾಡಿಕೊಂಡರು. ಹಳೆಯ ಗುಳಿಗೆ, ಸೂಜಿ ಎಲ್ಲವೂ ಒಮ್ಮೆಲೇ ಶುರುವಾದವು. "ಪುಡಿ ಒಂದಿನಾನೂ ತಪ್ಪಿಲ್ಲೇನವಾ?" ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದರು. "ಇಲ್ರಿ," ಎಂದಳು ಅವಳು, ಗೋಡೆ ನೋಡುತ್ತ.

ಹಾಗಾದರೆ ಪುಡಿಯದೇ ತಪ್ಪು! ಪ್ರಯೋಗಾಲಯದಲ್ಲಿ ಎಲ್ಲರ ನಿದ್ದೆ ಹಾರಿತು. ಒಣಗಿಸುವ ಯಂತ್ರ, ಲೇಪ, ಪೆಟ್ಟಿಗೆಯ ಬಿಸಿ, ಎಲ್ಲವನ್ನೂ ಬಿಚ್ಚಿ ನೋಡಿದರು. ಮೆಹಜಬೀನ್ ಡಾಕ್ಟರು ತಮ್ಮ ಲೆಕ್ಕಾಚಾರವೇ ಬುಡದಿಂದ ತಪ್ಪಿದೆಯೇನೋ ಎಂದು ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಪಡಸಾಲೆಯ ಮಂದಿಗೆಲ್ಲ ಹಳೆಯ ಗುಳಿಗೆ ಮತ್ತೆ ಶುರುವಾಯಿತು. ಬಾಗಲಕೋಟೆಯ ಮಾಸ್ತರರು ನಗೆಚಾಟಿಕೆ ಬಿಟ್ಟು ಹೆಂಡತಿಯ ಕೈ ಹಿಡಿದು ಮೂಲೆಯಲ್ಲಿ ಕೂತಿದ್ದರು. "ಬಾಯಾರ, ನಮ್ಮದೂ ಹಿಂಗ ಆಗ್ತದೇನ್ರಿ?" ಎಂದು ನನ್ನನ್ನು ಕೇಳಿದರು. ನಾನೇನು ಹೇಳಲಿ, ರೊಟ್ಟಿ ಬಡಿಯುವವಳು.

ಹುಲಿಗೆವ್ವನ ಸೀರೆ, ಕುಪ್ಪಸ ತರಲೆಂದು ನವಲಗುಂದಕ್ಕೆ ಹೋದೆ. ಅವಳ ಗಂಡ ಯಂಕಪ್ಪ ಬಾಗಿಲು ತೆಗೆದ. ಒಳಗೆ ಜಗಲಿಯ ಮೇಲೆ, ದೇವರ ಪಕ್ಕದಲ್ಲಿ, ಮಾರುತಿಯ ಫೋಟೊ. ಕ್ಲಾರಿನೆಟ್ ಹಿಡಿದು ಮೂಗು ಅರಳಿಸಿ ನಗುತ್ತಿದ್ದ. ಅದರ ಮುಂದೆ ಒಂದು ತಾಟು. ತಾಟಿನಲ್ಲಿ ಒಣಗಿ ಮುರುಟಿದ ಚೂರು ರೊಟ್ಟಿ, ಅದರ ಮೇಲೆ ಉದುರಿಸಿದ ಬಿಳಿ ಪುಡಿ. ಪಕ್ಕದಲ್ಲಿ ಬಾಯಿ ಹರಿದ ಪೊಟ್ಟಣ.

"ಇದೇನು?" ಎಂದೆ.

"ಅಣ್ಣನ ಎಡಿ," ಎಂದ ಯಂಕಪ್ಪ ಸಹಜವಾಗಿ. "ಅಂವ ತೀರ್ಕೊಂಡಾಗಿಂದ ದಿನಾ ಮುಂಜಾನೆ ಇಡ್ತಾಳ ನೋಡವಾ. ಆಮ್ಯಾಲ ಮಾಳಿಗಿ ಮ್ಯಾಲ ಇಟ್ಟು ಬರ್ತಾಳ, ಕಾಗಿ ಬಂದು ತಿಂತಾವ. ಔಷಧಾನೂ ಅಣ್ಣಂದ ಅಂತ ಅದರಾಗ ಹಾಕ್ತಾಳ. ನಾ ಅನಕೊಂಡೆ, ತಾ ತಿಂದು ಉಳಿದದ್ದು ಇಡ್ತಾಳಂತ."

ಬಂದ ಕಾಲಲ್ಲೇ ಬಸ್ ನಿಲ್ದಾಣಕ್ಕೆ ನಡೆದೆ. ಸೀರೆ ತರುವುದು ಮರೆತೇಹೋಯಿತು.

ಹುಬ್ಬಳ್ಳಿಗೆ ಬಂದವಳು ಚಪ್ಪಲಿಯನ್ನೂ ಬಿಡದೆ ವಾರ್ಡಿಗೆ ನುಗ್ಗಿದೆ. ಡಾಕ್ಟರು ಅಲ್ಲೇ ಇದ್ದರು, ನರ್ಸುಗಳಿದ್ದರು. ನನಗೆ ಯಾರೂ ಕಾಣಲಿಲ್ಲ.

"ನನ್ನ ಗಂಡನ್ನ ಕಾಗಿಗೆ ಹಾಕಿದೇನ?" ಎಂದು ಕಿರುಚಿದೆ. "ದಿನಾ ಹೂಂ ಹೂಂ ಅಂದೆಲ್ಲ ನನಗ! ಹಾಕಿ ಬಂದು ಹೂಂ ಅಂತಿದ್ದೇನ?"

ಹುಲಿಗೆವ್ವ ಎದ್ದು ಕೂರಲು ನೋಡಿದಳು, ಆಗಲಿಲ್ಲ. ಹೊಟ್ಟೆ ಬಾತು ಗಟ್ಟಿಯಾಗಿತ್ತು.

"ಅಂವ ಇದ್ದಾಗ ತಿಂದೆ ವೈನಿ," ಎಂದಳು. "ಅಣ್ಣ ಕೊಟ್ಟ ತುತ್ತು ಅಂತ ತಿಂದೆ. ಮಣ್ಣ ಮಾಡಿ ಬಂದ ಮರುದಿನ ಪೊಟ್ಟಣ ಒಡದೆ. ಬಾಯಾಗ ಹಾಕ್ಕೊಂಡೆ. ಇಳೀಲಿಲ್ಲ. ಸತ್ತಾವನ್ನ ಹ್ಯಾಂಗ ನುಂಗಲಿ? ಮೀನ ತಿಂದೀನಿ, ಕೋಳಿ ತಿಂದೀನಿ, ಅಣ್ಣನ್ನ ಹ್ಯಾಂಗ ತಿನ್ಲಿ? ಅವಂದು ಅವಗ ಮುಟ್ಟಲಿ ಅಂತ ಎಡಿ ಇಟ್ಟೆ. ಕಾಗಿ ಬಂತು. ಉಳಿದ ಎಡಿಗೆಲ್ಲಾ ಕಾಗಿ ತಾಸಗಟ್ಲೆ ಸತಾಯಸ್ತಾವ, ಇದಕ್ಕ ಲಗೂನ ಬಂತು ವೈನಿ. ಅಂವ ಹಸದಿದ್ನೇನೋ ಅನ್ನಿಸ್ತು."

"ಹೇಳಬೇಕಿತ್ತಲ್ಲ ನನಗ!"

"ನಿಮಗ ಹೇಳಿದ್ರ ತಿನ್ನಸ್ತಿದ್ರಿ."

ಅದು ನಿಜ. ಮೂಗು ಹಿಡಿದಾದರೂ ತಿನ್ನಿಸುತ್ತಿದ್ದೆ.

"ಹೊಟ್ಟಿಯೊಳಗ ಆರಾಮಿದ್ನಲ್ಲ," ಎಂದಳು ಅವಳು. "ಪುಡಿ ಬಿಟ್ರೂ ಆರಾಮಿದ್ದ. ನಾ ತಿಳಕೊಂಡೆ, ಇನ್ನ ನನ್ನ ಮೈಗೆ ಅಂವ ಯಾರಂತ ಗೊತ್ತಾತು, ಮತ್ತ ಮತ್ತ ಹೇಳೂದು ಬ್ಯಾಡಂತ."

ಡಾಕ್ಟರು ಹಾಸಿಗೆಯ ತುದಿಗೆ ಕೂತುಬಿಟ್ಟರು. ಅವರ ವಿದ್ಯೆ ತಪ್ಪಿರಲಿಲ್ಲ. ಪಡಸಾಲೆಯ ಅಷ್ಟೂ ಮಂದಿ ಉಳಿದುಕೊಂಡರು. ಅದಕ್ಕೆ ಸಂತೋಷಪಡುವ ಶಕ್ತಿ ಅವರ ಮುಖದಲ್ಲಿರಲಿಲ್ಲ. "ಜ್ವರ ಬಂದ್ರ ಏನ್ ಮಾಡಬೇಕು, ವಾಂತಿ ಆದ್ರ ಏನು, ರೋಜಾ ಇದ್ರ ಏನು, ಏಕಾದಶಿ ಇದ್ರ ಏನು, ಎಲ್ಲಾ ವಿಚಾರ ಮಾಡಿದ್ದೆ," ಎಂದರು. "ಕೊಟ್ಟಾವ್ರು ತೀರ್ಕೊಂಡ್ರ ಆ ಪುಡಿ ಏನಾಗ್ತದ ಅಂತ ಮಾಡಿರ್ಲಿಲ್ಲ. ನನ್ನ ಪಾಲಿಗೆ ಅದು ಅವತ್ತೂ ಪುಡಿ, ಇವತ್ತೂ ಪುಡಿ."

ಇನ್ನು ಪುಡಿಯಿಂದ ಉಪಯೋಗವಿರಲಿಲ್ಲ. ಕಲಿತದ್ದನ್ನು ಅವಳ ಮೈ ಕೆಲವು ತಿಂಗಳು ನೆನಪಿಟ್ಟುಕೊಂಡು ಆಮೇಲೆ ಬಿಟ್ಟುಕೊಟ್ಟಿತ್ತು. ಒಮ್ಮೆ ವೈರಿ ಎಂದು ತೀರ್ಮಾನಿಸಿದ ಮೇಲೆ ತುತ್ತು ಹಾಕಿ ಒಲಿಸಲು ಬರುವುದಿಲ್ಲ. ಉಳಿದದ್ದು ಒಂದೇ ದಾರಿ. ಹುಲಿಗೆವ್ವನ ರಕ್ತದಲ್ಲಿ ಜಗಳ ಬಿಡಿಸುವ ಸ್ವಭಾವದ ಕೋಶಗಳೂ ಕೆಲವು ಇರುತ್ತವೆ. ಅವನ್ನು ಹೊರಗೆ ತೆಗೆದು, ಮಾರುತಿಯ ಜೀವಂತ ಕೋಶಗಳ ಜೊತೆ ಇಟ್ಟು ಪಳಗಿಸಿ, ಮತ್ತೆ ಮೈಗೆ ಬಿಡಬೇಕು. ಅದಕ್ಕೆ ಕೋಶಗಳು ಬಹಳ ಬೇಕು. ಪೆಟ್ಟಿಗೆಯಲ್ಲಿ ಇದ್ದಷ್ಟೂ ಬೇಕು. ಬೆಳೆದು ಬೆಳೆದು ಅವು ಆಗಲೇ ದಣಿದಿದ್ದವು, ಇನ್ನು ಮತ್ತೆ ಬೆಳೆಯುವಂತಿರಲಿಲ್ಲ.

"ನೀವು ಒಪ್ಪಬೇಕು," ಎಂದರು ಡಾಕ್ಟರು. "ಆಮ್ಯಾಲ ಏನೂ ಉಳಿಯೂದಿಲ್ಲ."

"ಫಲ ಕೊಡ್ತೈತೇನ್ರಿ?"

"ಕೊಡೂದಿಲ್ಲಂತನ ಅನ್ನಸ್ತೈತಿ. ಸುಳ್ಳು ಹೇಳಾಕ ಬರೂದಿಲ್ಲ ನನಗ. ಒಂದಿಷ್ಟ ಆಸೆ ಐತಿ, ಅಷ್ಟ."

ಆ ಪೆಟ್ಟಿಗೆಯ ಕೋಣೆಗೆ ನನ್ನನ್ನು ಮೊದಲ ಬಾರಿ ಒಳಗೆ ಬಿಟ್ಟರು. ತಲೆಗೆ ಟೋಪಿ, ಕಾಲಿಗೆ ಚೀಲ. ಗಾಜಿನ ಬಾಗಿಲಿನ ಹಿಂದೆ ತಿಳಿಗುಲಾಬಿ ನೀರು ತುಂಬಿದ ಚಪ್ಪಟೆ ಸೀಸೆಗಳು. ನನ್ನ ಗಂಡ ಅದರಲ್ಲಿದ್ದ, ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟೆ. ಹುಲಿಗೆವ್ವನ ಹೊಟ್ಟೆಯಷ್ಟೇ ಬೆಚ್ಚಗಿತ್ತು.

"ಕೇಳ್ತೈತೇನು?" ಎಂದೆ ಅವನಿಗೆ. "ನಿನ್ನ ತಂಗಿ ಮಾಡಿದ ಕೆಲಸ ನೋಡು. ಮೊದಲ ಸಲಾನೂ ನನ್ನ ಕೇಳಲಾರ್ದ ಹೋದಿ. ಈ ಸಲ ನಾನ ಕಳಸಾಕತ್ತೀನಿ. ಹೋಗು. ನಾಕ ಮಾತು ಹೇಳಿ ಸಮಾಧಾನ ಮಾಡು, ನಿನ್ನ ಮಾತ ಕೇಳ್ತ..." ಮೆಹಜಬೀನ್ ಡಾಕ್ಟರು ಬೆನ್ನು ತಿರುಗಿಸಿ ಕಿಟಕಿಯಿಲ್ಲದ ಗೋಡೆಯನ್ನು ನೋಡುತ್ತ ನಿಂತಿದ್ದರು.

ಒಪ್ಪಿಗೆ ಕೊಟ್ಟೆ. ಸೀಸೆಗಳೆಲ್ಲ ಬರಿದಾದವು.

ಕೆಲವು ದಿನ ಹುಲಿಗೆವ್ವನ ಜ್ವರ ಇಳಿಯಿತು. ಬಾವು ಮೆತ್ತಗಾಯಿತು. ನಾನು ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು ಹಳೆಯ ರೂಢಿಯಂತೆ ಕೇಳಿದೆ, "ನನ್ನ ಗಂಡ ಹ್ಯಾಂಗದಾನ?" ಅವಳು, "ಕಡಿಮಿ ಆಗೇತಿ ವೈನಿ," ಎಂದಳು. ಆರಾಮದಾನ ಎನ್ನಲು ಧೈರ್ಯ ಸಾಲಲಿಲ್ಲ. ಆಮೇಲೆ ಮೂತ್ರ ಪೂರ್ತಿ ನಿಂತಿತು. ಜ್ವರ ತಿರುಗಿ ಏರಿತು. ಒಳಗಿನದು ಸತ್ತಿದೆ, ಇಟ್ಟುಕೊಂಡರೆ ಇವಳೂ ಉಳಿಯುವುದಿಲ್ಲ ಎಂದು ತೆಗೆಯಲು ತೀರ್ಮಾನಿಸಿದರು.

ಸ್ಟ್ರೆಚರಿನ ಮೇಲೆ ಹೊರಗೆ ತಂದಾಗ ಅವಳಿಗೆ ಅರೆ ಎಚ್ಚರ. ನನ್ನನ್ನು ಗುರುತಿಸಿದಳು.

"ವೈನಿ, ಅಣ್ಣ ಹೋದ."

ಒಂದೇ ಗಂಡ, ಎರಡು ಸಲ ಸತ್ತ. ಮೊದಲ ಸಲ ಊರಿಗೆ ಊರೇ ಬಂದಿತ್ತು, ಬ್ಯಾಂಡಿನವರು ಮುರಿದ ಕೈಕಾಲು ಕಟ್ಟಿಕೊಂಡೇ ಬಂದು ಊದಿದ್ದರು. ಎರಡನೆಯ ಸಲ ಯಾರಿಗೆ ಹೇಳಿ ಅಳಲಿ? ತೆಗೆದದ್ದನ್ನು ಪರೀಕ್ಷೆಗೆ ಒಯ್ದರು. ನೋಡುತ್ತೀರಾ ಎಂದು ಡಾಕ್ಟರು ಕೇಳಿದರು. ಬೇಡ ಎಂದೆ. ಹುಲಿಗೆವ್ವನಿಗೆ ಒಂದು ಮಾತೂ ಹೇಳದೆ ಮನೆಗೆ ಬಂದೆ. ಅವಳ ಫೋನು ಬಂದರೆ ಎತ್ತಲಿಲ್ಲ. ಆಮೇಲೆ ಬರುವುದೂ ನಿಂತಿತು. ಬೆಳಿಗ್ಗೆ ಫೋನಿನ ಕಡೆಗೇ ಕೈ ಹೋಗುತ್ತಿತ್ತು. ಹಿಂದಕ್ಕೆಳೆದುಕೊಂಡು ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಆ ವರ್ಷ ನನ್ನ ರೊಟ್ಟಿ ದಪ್ಪಗಾಗುತ್ತಿವೆ ಎಂದು ಖಾನಾವಳಿಯವರು ದೂರಿದರು.

ಮತ್ತೆ ಶ್ರಾವಣ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮೆಹಜಬೀನ್ ಡಾಕ್ಟರು ವಿಳಾಸ ಹುಡುಕಿಕೊಂಡು ನಮ್ಮ ಓಣಿಗೆ ಬಂದರು. ಒಲೆಯ ಪಕ್ಕದಲ್ಲೇ ಕೂತು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಪಡಸಾಲೆಯ ಮಂದಿಯೆಲ್ಲ ಚೆನ್ನಾಗಿದ್ದಾರಂತೆ. ಮಾಸ್ತರರು ಮತ್ತೆ ಧಾರಾವಾಹಿಯ ದೂರು ಶುರು ಮಾಡಿದ್ದಾರಂತೆ. ಕೊಟ್ಟವರು ತೀರಿಕೊಂಡರೆ ಈಗ ಆಸ್ಪತ್ರೆಯವರೇ ಮನೆಗೆ ಹೋಗುತ್ತಾರೆ. ಪಕ್ಕದಲ್ಲಿ ಕೂತು, ಅಳುವಷ್ಟು ಅಳಲು ಬಿಟ್ಟು, ಆಮೇಲೆ ಮೊದಲ ತುತ್ತು ತಿನ್ನಿಸಿ ಬರುತ್ತಾರೆ.

"ಹುಲಿಗೆವ್ವ?" ಎಂದೆ, ಬೇಡಬೇಡವೆಂದರೂ.

"ವಾರಕ್ಕ ಮೂರು ಸಲ ಯಂತ್ರಕ್ಕ ಬರ್ತಾಳ, ರಕ್ತ ತೊಳಸ್ಕೊಂಡು ಹೋಗ್ತಾಳ. ಯಾರ ಕೂಡಾನೂ ಮಾತಿಲ್ಲ. ಇನ್ನೊಂದು ಮೂತ್ರಪಿಂಡ ಹಾಕೂದೂ ಕಷ್ಟ ಐತಿ. ಒಮ್ಮೆ ಹಿಂಗ ಕಾದಾಡಿದ ಮೈ ಆ ಗುರುತು ಮರಿಯೂದಿಲ್ಲ. ಅಣ್ಣನ ಗುರುತು ಅಕೀ ರಕ್ತದಾಗ ಸಾಯೂತನಾ ಇರ್ತದ, ಸುವರ್ಣಾಬಾಯಿ. ವೈರಿ ಅಂತ ಇರ್ತದ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ನಾನು ತಿರುವಿ ಹಾಕಲಿಲ್ಲ. ಅಣ್ಣ ಸತ್ತನೆಂದು ತುತ್ತು ನುಂಗಲಾರದೆ ಹೋದವಳು. ಅವಳ ಮೈಗೇ ಈಗ ಅಣ್ಣ ವೈರಿ. ಹೀಗೂ ಒಂದು ಶಿಕ್ಷೆ ಇರುತ್ತದೆಯೇ? ನಾನು ಬೈದದ್ದು, ಫೋನು ಎತ್ತದೆ ಕೂತದ್ದು, ಅದರ ಮುಂದೆ ಅದೆಲ್ಲ ಏನು ಮಹಾ ಎನ್ನಿಸಿತು.

ಪಂಚಮಿಯ ಬೆಳಿಗ್ಗೆ ಬಸ್ಸು ಹತ್ತಿ ನವಲಗುಂದಕ್ಕೆ ಹೋದೆ. ಓಣಿಯಲ್ಲಿ ಹುಡುಗಿಯರು ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಜೀಕುತ್ತಿದ್ದರು. ಬಾಗಿಲು ತೆರೆದವಳನ್ನು ಮೊದಲು ಗುರುತಿಸಲಾಗಲಿಲ್ಲ. ಮುಖ ಮತ್ತೆ ಬಾತಿತ್ತು, ತೋಳಿನ ತುಂಬ ಸೂಜಿಯ ಗಂಟುಗಳು.

"ವೈನಿ?"

"ಪಂಚಮಿಗೆ ಕರಿಯಾಕ ಬಂದೀನಿ. ನಡಿ, ಸೀರಿ ಉಟಗೋ. ಬಸ್ ಹೋಗಿಬಿಡ್ತೈತಿ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. "ಯಾರಿಗೆ ಹಾಲ ಹಚ್ಚಾಕ ಬರ್ಲಿ ವೈನಿ? ಅಣ್ಣ ಎಲ್ಲೂ ಉಳೀಲಿಲ್ಲಲ್ಲ. ನಾನ ಕೊಂದೆ."

"ಬಾಯಿ ಮುಚ್ಚು," ಎಂದೆ. "ನಿಮ್ಮಣ್ಣ ಇದ್ದಿದ್ರ ಕರಿಯಾಕ ಬರ್ತಿದ್ದಿಲ್ಲೇನು? ಬರ್ತಿದ್ದ. ಮುಗೀತು. ನಡಿ."

ಹುಬ್ಬಳ್ಳಿಯ ಮನೆಯಲ್ಲಿ ಮಣೆ ಹಾಕಿ ಅವಳನ್ನು ಕೂರಿಸಿದೆ. ಬಟ್ಟಲಲ್ಲಿ ಹಾಲು ತಂದು ಎದುರು ಕೂತೆ. ಸೆರಗು ಸರಿಸಹೋದರೆ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು.

"ಅಲ್ಲೇನೂ ಇಲ್ಲ ವೈನಿ."

ಕೈ ಬಿಡಿಸಿದೆ. ಉಬ್ಬಿದ್ದ ಕಡೆ ಈಗ ತಗ್ಗು ಬಿದ್ದಿತ್ತು. ಅದರ ಮೇಲೆ ಹೊಲಿಗೆಯ ಎರಡು ಗೆರೆಗಳು, ಒಂದು ಒಳಗಿಟ್ಟದ್ದು, ಒಂದು ತೆಗೆದದ್ದು. ನಾನು ಬೆರಳನ್ನು ಹಾಲಿನಲ್ಲಿ ಅದ್ದಿದೆ.

"ಇದ್ದ ಜಾಗ ಐತೆಲ್ಲ," ಎಂದೆ. "ಸುಮ್ನ ಕೂಡು."